ಸಾಲ ತೀರಿದ ಬಳಿಕ ಕಂತಿನ ಹಣದ ವಿನಿಯೋಗ

ರೈತರನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸಲೆಂದು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಸಾಲದಿಂದ ಬಿಡುಗಡೆ ಹೊಂದುವುದು ಅರ್ಧ ಕಾರ್ಯ. ಮತ್ತೆ ಸಾಲಕ್ಕೆ ಬೀಳದಂತೆ ಉಳಿಸುವುದು ಉಳಿದರ್ಧ.

ಕೊನೆಯ ಕಂತು ತೀರಿದೊಡನೆ ವರ್ತಕರು ಬೇಬಾಕಿ ಪತ್ರ ಪಡೆದು, ಅಡವಿಟ್ಟ ಆಸ್ತಿಯ ಉತಾರದಲ್ಲಿರುವ ಬೋಜಾ ತೆಗೆಸಬೇಕು. ತರುವಾಯ ಕಂತಿನ ಹಣವನ್ನು ಮನೆಖರ್ಚಿಗೆ ಬೆರೆಸದೆ ಪ್ರತ್ಯೇಕ ಖಾತೆಗೆ ಕಟ್ಟುತ್ತ ಹೋಗುವುದು ಲೇಸು. ತಿಂಗಳಿಗೆ 20,000 ರೂ. ಕಂತು ಕಟ್ಟುತ್ತಿದ್ದವರಿಗೆ ವರ್ಷದಲ್ಲಿ 2,40,000 ರೂ. ಕೂಡುತ್ತದೆ. ಗದಗ, ಲಕ್ಷ್ಮೇಶ್ವರ, ಮುಂಡರಗಿ ಪೇಟೆಗಳಿಗೆ ಹೆಸರುಕಾಳು ಬರುವ ಆಗಸ್ಟ್-ಸೆಪ್ಟೆಂಬರ್ ತಿಂಗಳುಗಳಲ್ಲಿ ದಲಾಲರಿಗೆ, ನೂಲು ಕೊಳ್ಳುವಾಗ ಬೆಟಗೇರಿಯ ನೇಕಾರರಿಗೆ ಈ ಮೊತ್ತವು ಕೈಗಡವನ್ನು ತಪ್ಪಿಸುತ್ತದೆ.

ಹಣವಿಡುವ ಸ್ಥಳವನ್ನೂ ವಿಚಾರಿಸಬೇಕು. ಸಹಕಾರಿ ಬ್ಯಾಂಕುಗಳೂ ಸೇರಿದಂತೆ ಬ್ಯಾಂಕ್ ಠೇವಣಿಗಳಿಗೆ 2020ರಿಂದ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು-ಬಡ್ಡಿ ಕೂಡಿ 5 ಲಕ್ಷ ರೂಪಾಯಿಗಳವರೆಗೆ ವಿಮೆಯಿದೆ. ಪತ್ತಿನ ಸಹಕಾರಿ ಸಂಘಗಳ ಠೇವಣಿಗೆ ಈ ವಿಮೆ ಅನ್ವಯಿಸದು. ಆದ್ದರಿಂದ ಹೆಚ್ಚಿನ ಬಡ್ಡಿಯ ಆಸೆಗೆ ಇಡೀ ಗಂಟನ್ನು ಒಂದೇ ಕಡೆ ಇಡಬಾರದು.

ಒಂದು ಹಂಗಾಮಿನ ಖರೀದಿಗೆ ಸಾಲುವಷ್ಟು ಹಣ ಕೂಡಿದ ಮೇಲೆಯೇ ಹೊಸ ಯಂತ್ರ, ಹೊಸ ಮಳಿಗೆಗಳ ವಿಚಾರ ಮಾಡುವುದು ಯುಕ್ತ.