ಭಾರವನ್ನು ಕಂಬಕ್ಕೆ, ಗೋಡೆಯನ್ನು ಬೆಳಕಿಗೆ: ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯ

ಕಥೋಲಿಕ ಧರ್ಮಾಧ್ಯಕ್ಷರ ಪೀಠವಿರುವ ಚರ್ಚಿಗೆ ಕನ್ನಡ ಕ್ರೈಸ್ತರು ಪ್ರಧಾನಾಲಯವೆನ್ನುತ್ತಾರೆ. ಕರ್ನಾಟಕದಲ್ಲಿ ಗಾಥಿಕ್ ಶೈಲಿಯ ಭವ್ಯ ನಿದರ್ಶನವಾಗಿರುವ ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯವು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಚಿಕ್ಕ ಚರ್ಚೊಂದು ತಲೆಯೆತ್ತಿದ್ದ ಸ್ಥಳದಲ್ಲಿಯೇ ನಿಂತಿದೆ. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಇದಕ್ಕೆ ಅಡಿಗಲ್ಲನ್ನಿಟ್ಟರು. ಡೇಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿಯು ಜರ್ಮನಿಯ ಕೊಲೋನ್ ಪ್ರಧಾನಾಲಯದಿಂದ ಸ್ಫೂರ್ತಿ ಪಡೆದು ನಕ್ಷೆಯನ್ನು ಸಿದ್ಧಪಡಿಸಿದನು. 1248ರಲ್ಲಿ ಆರಂಭವಾದ ಕೊಲೋನ್ ಕಟ್ಟಡ ಪೂರ್ಣಗೊಂಡದ್ದು 1880ರಲ್ಲಿ. ಮೈಸೂರಿನದು 1941ರ ಹೊತ್ತಿಗೆ ಮುಗಿಯಿತು.

ಹನ್ನೆರಡನೆಯ ಶತಮಾನದ ಫ್ರಾನ್ಸಿನಲ್ಲಿ ಹುಟ್ಟಿದ ಗಾಥಿಕ್ ಶೈಲಿಯ ಜೀವಾಳವಿರುವುದು ಚೂಪುಗಮಾನಿನಲ್ಲಿ. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಕಂಬಗಳ ಮೇಲೆ ಹಾಯಿಸಿದ ಕಲ್ಲಿನ ತೊಲೆಗಳು ಮಾಳಿಗೆಯನ್ನು ಹೊತ್ತಿವೆ. ಕಮಾನಿನ ಕಟ್ಟಡದಲ್ಲಾದರೋ ಛಾವಣಿಯ ಭಾರವು ಇಕ್ಕೆಲಗಳಿಗೂ ಒತ್ತುತ್ತದೆ. ಅರ್ಧವೃತ್ತದ ಕಮಾನಿಗಿಂತ, ನೆತ್ತಿಯಲ್ಲಿ ಕೂಡುವ ಚೂಪುಗಮಾನು ಪಕ್ಕಕ್ಕೆ ಒತ್ತುವುದು ಕಡಿಮೆಯಾದ್ದರಿಂದ, ಹೊರೆಯ ಬಹುಪಾಲು ಕಂಬಗಳಿಗಿಳಿದು, ಗೋಡೆಗಳಲ್ಲಿ ಎತ್ತರದ ಕಿಟಕಿಗಳನ್ನು ತೆರೆಯುವುದು ಸಾಧ್ಯವಾಗುತ್ತದೆ.

ಈ ಸೌಕರ್ಯದ ಫಲವು ಪ್ರಧಾನಾಲಯದ ಒಳಾಂಗಣದಲ್ಲಿ ಕಣ್ಣಿಗೆ ಕಟ್ಟುತ್ತದೆ. ನೆಲದ ವಿನ್ಯಾಸವು ಶಿಲುಬೆಯಾಕಾರದ್ದು: ಭಕ್ತರು ಕೂರುವ ನೀಳವಾದ ಅಂಕಣವು ಶಿಲುಬೆಯ ಕಾಂಡವಾದರೆ, ಅಡ್ಡಲಾಗಿ ಚಾಚಿದ ಭಾಗಗಳು ಅದರ ತೋಳುಗಳು, ತಲೆಯ ಕಡೆಗೆ ಬಲಿಪೀಠವಿದೆ. ಕ್ರಿಸ್ತನ ಜನನ, ಕೊನೆಯ ಭೋಜನ, ಶಿಲುಬೆಮರಣ, ಪುನರುತ್ಥಾನಗಳನ್ನು ಚಿತ್ರಿಸಿದ ಬಣ್ಣದ ಗಾಜುಗಳು ಬಿಸಿಲಿಗೆ ಬೆಳಗುವಾಗ, ಅಕ್ಷರ ಬಾರದವರಿಗೂ ಆ ಕಥೆಯು ತೆರೆದುಕೊಳ್ಳುತ್ತದೆ.

ಹೊರಗೆ 175 ಅಡಿ ಎತ್ತರದ ಜೋಡಿ ಶಿಖರಗಳು ನೋಟವನ್ನು ಆಕಾಶಕ್ಕೆ ಎತ್ತಿದರೆ, ಬಲಿಪೀಠದ ಅಡಿಯ ನೆಲಮಾಳಿಗೆಯು ಅದನ್ನು ಭೂಮಿಯೊಳಕ್ಕೆ ಕರೆದೊಯ್ಯುತ್ತದೆ. ಇಕ್ಕಟ್ಟಾದ ಮೆಟ್ಟಿಲುಗಳನ್ನಿಳಿದು ಬಂದವರಿಗೆ ಎದುರಾಗುವುದು, ಒರಗಿದ ಭಂಗಿಯಲ್ಲಿರುವ ಸಂತ ಫಿಲೋಮಿನಾಳ ಪ್ರತಿಮೆ. ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬೂಚೆಟ್ಟಿಯವರು ಈ ಸಂತಳ ಪವಿತ್ರ ಅವಶೇಷವನ್ನು 1926ರಲ್ಲಿ ಪಡೆದು ತಂದದ್ದೇ ಇಂಥ ದೇವಾಲಯದ ಸಂಕಲ್ಪಕ್ಕೆ ಬೀಜವಾಯಿತು. ಫ್ರೆಂಚ್ ಶಿಲ್ಪಿಯ ನಕ್ಷೆ, ಜರ್ಮನಿಯ ಮಾದರಿ, ಹಿಂದೂ ಅರಸರ ಅಡಿಗಲ್ಲುಗಳು ಒಂದೇ ಸೂರಿನಡಿ ಕೂಡಿರುವ ಈ ಕಟ್ಟಡವು, ಅನ್ಯರ ನಂಬಿಕೆಗೂ ನೆಲೆಯೊದಗಿಸಿದ ಮೈಸೂರು ಸಂಸ್ಥಾನದ ಔದಾರ್ಯಕ್ಕೆ ಸಾಕ್ಷಿಯಾಗಿದೆ.