ಕುಷ್ಠರೋಗಿಗಳಲ್ಲಿ ಹೆಪಟೈಟಿಸ್ ಬಿ



ಸ್ಮರಣ ಸಂಚಿಕೆಯೆಂದ ಮೇಲೆ ಸಂತೋಷದ ಸಂಗತಿಗಳನ್ನೇ ಬರೆಯಬೇಕೆಂಬ ರೂಢಿಯಿರುವದು. ಅಂಥಲ್ಲಿ ರೋಗದ ಮಾತನ್ನೆತ್ತಿದ್ದಕ್ಕಾಗಿ ವಾಚಕರು ನಮ್ಮನ್ನು ಕ್ಷಮಿಸಬೇಕು. ನಮ್ಮ ಶಾಲೆಯಲ್ಲಿ ಕಲಿತುಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಆಶಾ ಕಾರ್ಯಕರ್ತೆಯರಾಗಿಯೂ ಮನೆಯೊಡತಿಯರಾಗಿಯೂ ಇರುವರು. ಭೀಮೆಯ ದಂಡೆಯಿಂದ ಡೋಣಿಯ ಎರೆಹೊಲಗಳವರೆಗೆ ಊರೂರಿನಲ್ಲಿಯೂ ಜಡ್ಡು ಜಾಪತ್ತುಗಳ ವಿಷಯದಲ್ಲಿ ನಾಲ್ಕು ಜನ ಬಂದು ಕೇಳುವದು ಇಂಥ ಓದಿದ ಹೆಣ್ಣುಮಕ್ಕಳನ್ನೇ. ಆದುದರಿಂದ ಈ ಕೆಲವು ಪುಟಗಳನ್ನು ಅವರಿಗಾಗಿ ಬರೆಯುತ್ತಿರುವೆವು.

ಕುಷ್ಠರೋಗವೆಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಜನರು ಹಿಂಜರಿಯುವರು. ಮಹಾರೋಗದವರ ಮನೆಯಲ್ಲಿ ಒಂದು ತಂಬಿಗೆ ನೀರು ಕುಡಿಯಲಿಕ್ಕೂ ಒಲ್ಲೆನೆನ್ನುವರು. ಬಿಳಿಯ ತೊನ್ನನ್ನು ಕಂಡು ಅದನ್ನೇ ಕುಷ್ಠವೆಂದು ಭ್ರಮಿಸಿ ಕನ್ಯೆಯ ಸಂಬಂಧವನ್ನು ಮುರಿಯುವವರೂ ಉಂಟು. ತೊನ್ನಿಗೂ ಕುಷ್ಠಕ್ಕೂ ಯಾವ ನಂಟೂ ಇಲ್ಲ. ಇಷ್ಟೆಲ್ಲ ಅಂಜುವ ಆ ಜನರೇ ಜಾತ್ರೆಯಲ್ಲಿ ಹತ್ತು ಮಂದಿಗೆ ಚುಚ್ಚಿದ ಸೂಜಿಯಿಂದ ತಾವೂ ಹಚ್ಚೆ ಹಾಕಿಸಿಕೊಳ್ಳುವರು. ಕಂಡವರ ಗಡ್ಡ ಬೋಳಿಸಿದ ಕತ್ತಿಗೆ ತಮ್ಮ ಗಲ್ಲವನ್ನೊಡ್ಡುವರು. ಯಾವುದಕ್ಕೆ ಅಂಜಬೇಕೋ ಅದಕ್ಕೆ ಅಂಜದೆ, ಯಾವುದಕ್ಕೆ ಅಷ್ಟಾಗಿ ಅಂಜಬೇಕಾದುದಿಲ್ಲವೋ ಅದಕ್ಕೆ ನಡುಗುವದು ವಿಚಿತ್ರವಲ್ಲವೇ?

ಕುಷ್ಠದ ಕ್ರಿಮಿಯನ್ನು 1873ರಲ್ಲಿ ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯರು ಕಂಡುಹಿಡಿದರು. ಅದು ಬಹು ಮೆಲ್ಲಗೆ ಬೆಳೆಯುವ ಕ್ರಿಮಿ. ಹೆಚ್ಚಿನ ಮನುಷ್ಯರ ಶರೀರವು ಅದನ್ನು ತಾನಾಗಿಯೇ ಗೆಲ್ಲುವದು. ಇದು ವಂಶದ ರೋಗವಲ್ಲ. ಔಷಧವನ್ನು ಆರಂಭಿಸಿದ ಕೆಲವೇ ದಿನಗಳಲ್ಲಿ ರೋಗಿಯಿಂದ ಬೇರೆಯವರಿಗೆ ಹತ್ತುವ ಭಯವು ಬಹುಮಟ್ಟಿಗೆ ತೀರುವದು. 1980ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆಯಿಂದ 6 ಇಲ್ಲವೆ 12 ತಿಂಗಳಲ್ಲಿ ರೋಗಿಯು ಗುಣಹೊಂದುವನು, ಗುಳಿಗೆಗಳಿಗೆ ಬೆಲೆಯಿಲ್ಲ. 2005ರ ಕೊನೆಗೆ ಇಡೀ ಭಾರತದ ಲೆಕ್ಕದಲ್ಲಿ ಕುಷ್ಠರೋಗಿಗಳ ಪ್ರಮಾಣವು 10,000ಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಆದರೂ ರೋಗವು ತೀರಿಹೋಗಲಿಲ್ಲ. 2023ರಲ್ಲಿ ಸಹ ನಮ್ಮ ದೇಶದಲ್ಲಿ 1 ಲಕ್ಷಕ್ಕೂ ಮಿಕ್ಕಿ ಹೊಸ ರೋಗಿಗಳು ಕಂಡುಬಂದರು.

ಇನ್ನು ಎರಡನೆಯ ರೋಗದ ಮಾತು. ಹೆಪಟೈಟಿಸ್ ಬಿ ಎಂಬುದು ಯಕೃತ್ತಿಗೆ ತಗಲುವ ವೈರಸ್ಸಿನ ರೋಗ. ಇದು ರಕ್ತದಿಂದ, ಶರೀರಸಂಬಂಧದಿಂದ, ಹೆರಿಗೆಯ ಕಾಲದಲ್ಲಿ ತಾಯಿಯಿಂದ ಕೂಸಿಗೆ ಹತ್ತುವದು. ಒಂದೇ ತಾಟಿನಲ್ಲಿ ಉಂಡರೆ, ಕೈ ಹಿಡಿದರೆ, ಒಂದೇ ಬಾವಿಯ ನೀರು ಕುಡಿದರೆ ಹತ್ತುವದಿಲ್ಲ. ಆದರೆ ಒಣಗಿದ ರಕ್ತದ ಕಣ್ಣಿಗೆ ಕಾಣದಷ್ಟು ಕಲೆಯಲ್ಲಿಯೂ ಈ ವೈರಸ್ಸು ಏಳು ದಿನಗಳವರೆಗೆ ಜೀವಂತವಿರಬಲ್ಲದು. ದೊಡ್ಡವರಿಗೆ ಹತ್ತಿದರೆ ನೂರಕ್ಕೆ 95ಕ್ಕೂ ಹೆಚ್ಚು ಜನರು ತಾವಾಗಿಯೇ ಅದನ್ನು ಕಳೆದುಕೊಳ್ಳುವರು. ಹುಟ್ಟಿದ ಕೂಸಿಗೆ ಹತ್ತಿದರೆ ಲೆಕ್ಕವು ತಿರುಗಿಬಿಡುವದು: ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಅದು ಜೀವಮಾನವಿಡೀ ಉಳಿಯುವದು. ಮೂವತ್ತು ನಾಲ್ವತ್ತು ವರ್ಷ ಏನೂ ಕಾಣಿಸದೆ, ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿದಾಗಲೋ ಯಕೃತ್ತಿನಲ್ಲಿ ಅರ್ಬುದವೆದ್ದಾಗಲೋ ಮನೆಯವರಿಗೆ ತಿಳಿಯುವದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 3 ಕೋಟಿ ಜನರು ಈ ವೈರಸ್ಸನ್ನು ಹೊತ್ತಿದ್ದರು.

ಹಾಗಾದರೆ ಈ ಎರಡು ರೋಗಗಳು ಒಂದೇ ಶರೀರದಲ್ಲಿ ಕೂಡುವದು ಹೇಗೆ? ಇದರ ಹಿಂದೆ ಒಂದು ಕಥೆಯುಂಟು.

1963ರಲ್ಲಿ ಅಮೇರಿಕೆಯ ಬರೂಕ್ ಬ್ಲಂಬರ್ಗ್ ಎಂಬ ವಿಜ್ಞಾನಿಯೂ ಅವರ ಜೊತೆಗಾರರೂ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಒಂದು ಹೊಸ ಪದಾರ್ಥವನ್ನು ಕಂಡರು. ಅದಕ್ಕೆ ಆಸ್ಟ್ರೇಲಿಯಾ ಆ್ಯಂಟಿಜೆನ್ ಎಂದು ಹೆಸರಿಟ್ಟರು. ಅದೇನೆಂಬುದು ಆಗ ಯಾರಿಗೂ ತಿಳಿಯದು. ವಂಶಪಾರಂಪರ್ಯದ ಗುಣವಿರಬಹುದೆಂದು ಎಣಿಸಿದರು. ಫಿಲಿಪೈನ್ಸ್ ದ್ವೀಪಗಳ ಸೆಬು ಎಂಬಲ್ಲಿಯ ಕುಷ್ಠರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ, ಮೈತುಂಬ ಹರಡುವ ಲೆಪ್ರೋಮೇಟಸ್ ಜಾತಿಯ ಕುಷ್ಠವುಳ್ಳವರಲ್ಲಿ ಆ ಪದಾರ್ಥವು ಹೆಚ್ಚಾಗಿ ಕಂಡಿತು. ಒಂದೆರಡು ಮಚ್ಚೆಗಳಲ್ಲಿಯೇ ನಿಲ್ಲುವ ಜಾತಿಯವರಲ್ಲಿ ಕಡಿಮೆ. 1967ರಲ್ಲಿ ಇದನ್ನು ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಆಮೇಲೆಯೇ ಆ ಪದಾರ್ಥವು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚವೆಂಬುದು ಸ್ಪಷ್ಟವಾದದ್ದು. ಅಂದರೆ ಈ ವೈರಸ್ಸಿನ ಪತ್ತೆ ಹತ್ತಿದ ದಾರಿಯಲ್ಲಿ ಕುಷ್ಠರೋಗಿಗಳ ರಕ್ತವೂ ಒಂದು ಮೆಟ್ಟಿಲಾಗಿತ್ತು. ಬ್ಲಂಬರ್ಗರಿಗೆ 1976ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ರೋಗಿಗಳ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ.

ಮೊದಲು ಆ ವಿಜ್ಞಾನಿಗಳು ದೋಷವನ್ನು ರೋಗಿಯ ಶರೀರದಲ್ಲಿಯೇ ಹುಡುಕಿದರು. ಕುಷ್ಠದ ಕ್ರಿಮಿಯನ್ನು ಓಡಿಸಲಾರದ ಶರೀರವು ಈ ವೈರಸ್ಸನ್ನೂ ಓಡಿಸಲಾರದೆಂಬುದು ಅವರ ತರ್ಕ. ಆದರೆ ಡೌನ್ ಸಿಂಡ್ರೋಮ್ ಎಂಬ ಹುಟ್ಟುಸ್ಥಿತಿಯುಳ್ಳವರನ್ನು ಪರೀಕ್ಷಿಸುವಾಗ ಬೇರೊಂದು ಸಂಗತಿ ಬೆಳಕಿಗೆ ಬಂದಿತು. ದೊಡ್ಡ ದೊಡ್ಡ ಆಶ್ರಮಗಳಲ್ಲಿ ಕಿಕ್ಕಿರಿದು ಇರುವವರಲ್ಲಿ ಅದು ಹೆಚ್ಚು, ಸಣ್ಣ ಆಶ್ರಮಗಳಲ್ಲಿ ಕಡಿಮೆ, ಹುಟ್ಟಿದ ಕೂಸುಗಳಲ್ಲಿ ಇಲ್ಲವೇ ಇಲ್ಲ. ಅಂದ ಮೇಲೆ ದೋಷವು ಹುಟ್ಟಿನದಲ್ಲ, ವಾಸದ್ದು. ಮುಂದೆ ಅನೇಕ ದೇಶಗಳಲ್ಲಿ ಕುಷ್ಠರೋಗಿಗಳನ್ನು ಪರೀಕ್ಷಿಸಿದಾಗ ಕೆಲವೆಡೆ ಈ ವೈರಸ್ಸು ಹೆಚ್ಚಾಗಿ ಕಂಡಿತು, ಕೆಲವೆಡೆ ಉಳಿದ ಜನರಲ್ಲಿದ್ದಷ್ಟೇ ಕಂಡಿತು. ನಮ್ಮ ಅಭಿಪ್ರಾಯದಲ್ಲಿ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ರೋಗಿಯು ಎಲ್ಲಿ ಇದ್ದನು, ಯಾವ ಸೂಜಿಯಿಂದ ಔಷಧ ಪಡೆದನು ಎಂಬುದರ ಮೇಲೆ ಲೆಕ್ಕವು ಬದಲಾಗದೆ ಇದ್ದೀತೇ?

ಹಳೆಯ ಕಾಲದ ಚಿಕಿತ್ಸೆಯನ್ನು ನೆನೆದುಕೊಳ್ಳಿರಿ. ಸಲ್ಫೋನ್ ಔಷಧಗಳು 1940ರ ದಶಕದಲ್ಲಿ ಬರುವ ಮುಂಚೆ ಕುಷ್ಠಕ್ಕೆ ಇದ್ದ ಮುಖ್ಯ ಔಷಧವು ಗರುಡಫಲದ ಜಾತಿಯ ಬೀಜಗಳ ಎಣ್ಣೆ. ಆ ಗಿಡವು ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿಯೂ ಬೆಳೆಯುವದು. ಕುಡಿದರೆ ವಾಂತಿಯಾಗುತ್ತಿದ್ದುದರಿಂದ ಅದನ್ನು ಸೂಜಿಯಿಂದ ಚುಚ್ಚುತ್ತಿದ್ದರು. ಅದೂ ವಾರವಾರಕ್ಕೆ, ವರ್ಷಾನುಗಟ್ಟಲೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರರು 1890ರಲ್ಲಿ ತೆರೆದಂಥ ಕುಷ್ಠಾಶ್ರಮಗಳು ಊರಿನವರು ಹೊರಗೆ ಹಾಕಿದವರಿಗೆ ನೆರಳಾದವೆಂಬುದನ್ನು ಯಾರೂ ಮರೆಯಬಾರದು. ಆದರೆ ಆ ದಿನಗಳಲ್ಲಿ ಲೋಕದ ಎಲ್ಲ ದವಾಖಾನೆಗಳಲ್ಲಿಯೂ ಗಾಜಿನ ಸಿರಿಂಜುಗಳನ್ನು ಕುದಿಸಿ ಕುದಿಸಿ ಬಳಸುತ್ತಿದ್ದರು. ಕುದಿಸುವದು ಒಂದು ದಿನ ಸರಿಯಾದರೆ ಇನ್ನೊಂದು ದಿನ ಅವಸರದಲ್ಲಿ ಅರೆಬರೆಯಾಗುವದು. ಇದಲ್ಲದೆ ಕುಷ್ಠರೋಗಿಯ ಅಂಗಾಲಿನಲ್ಲಿ ಸ್ಪರ್ಶಜ್ಞಾನವಿಲ್ಲದ್ದರಿಂದ ಹುಣ್ಣಾಗಿ ರಕ್ತ ಒಸರುತ್ತಿದ್ದರೂ ಅವನಿಗೆ ಅರಿವಾಗದು. ಒಂದೇ ಕೋಣೆಯಲ್ಲಿ ಹತ್ತಾರು ಜನ, ಒಂದೇ ಕ್ಷೌರದ ಕತ್ತಿ, ಒಂದೇ ಪಟ್ಟಿಕಟ್ಟುವ ಚಿಮುಟ. ವೈರಸ್ಸಿಗೆ ಬೇರೆ ಆಮಂತ್ರಣವೇತಕ್ಕೆ?

ಈಗ ಕುಷ್ಠಕ್ಕೆ ಸೂಜಿಯಿಲ್ಲ, ಗುಳಿಗೆಗಳೇ. ಹಾಗಿದ್ದರೂ ಈ ಮಾತನ್ನು ಈಗ ಬರೆಯುವದಕ್ಕೆ ಒಂದು ಬಲವಾದ ಕಾರಣವಿದೆ.

ಸಿಂದಗಿ ತಾಲೂಕಿನ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿರಿ. ದೀಪಾವಳಿಯ ತರುವಾಯ ಗಂಡನೊಡನೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಗುಳೆ ಹೋಗುವವಳು. ಆಕೆಗೆ ಕುಷ್ಠವಿದ್ದು ಗುಳಿಗೆಗಳನ್ನು ತಕ್ಕೊಳ್ಳುತ್ತಿರುವಳು. ನಡುವೆ ಮಚ್ಚೆಗಳು ಕೆಂಪಾಗಿ ಬಾತು, ಮೊಣಕೈಯ ನರವು ನೋಯತೊಡಗಿ, ಕುಡಗೋಲು ಹಿಡಿಯಲು ಬೆರಳುಗಳು ಸೋಲುವವು. ಇದಕ್ಕೆ ಡಾಕ್ಟರರು ಪ್ರತಿಕ್ರಿಯೆಯೆಂದು ಹೇಳುವರು. ತಡಮಾಡಿದರೆ ಕೈ ಸೊಟ್ಟಾಗಿ ಹೋಗುವದು. ಆದ್ದರಿಂದ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಗುಳಿಗೆಯನ್ನು ತಿಂಗಳುಗಟ್ಟಲೆ ಕೊಡಲೇಬೇಕಾಗುವದು. ಆ ಗುಳಿಗೆಯು ಶರೀರದ ಕಾವಲನ್ನು ಸಡಿಲಿಸುವದು. ಆಕೆಯ ಯಕೃತ್ತಿನಲ್ಲಿ ಹುಟ್ಟಿನಿಂದ ಹೆಪಟೈಟಿಸ್ ಬಿ ಮಲಗಿದ್ದರೆ ಅದು ಆಗ ಎಚ್ಚತ್ತು ಬೆಳೆಯುವದು. ಗುಳಿಗೆಯನ್ನು ಇಳಿಸುತ್ತ ಬಂದಾಗ ಶರೀರವು ಒಮ್ಮೆಲೇ ಅದರ ಮೇಲೆ ಬೀಳಲು ಯಕೃತ್ತೇ ಬೆಂದುಹೋಗಬಹುದು. ಕೈಯನ್ನು ಉಳಿಸಹೋಗಿ ಪ್ರಾಣಕ್ಕೆ ಬಂದಂತೆ.

ಇದರಲ್ಲಿ ಇನ್ನೊಂದು ತೊಡಕಿದೆ. ತಿಂಗಳಿಗೊಮ್ಮೆ ನುಂಗುವ ರಿಫಾಂಪಿಸಿನ್ ಗುಳಿಗೆಯಿಂದ ಮೂತ್ರವು ಕೆಂಪಾಗುವದು. ಕ್ಲೊಫಾಜಿಮಿನ್‌ದಿಂದ ಚರ್ಮವೇ ಕಪ್ಪು ಕೆಂಪಾಗುವದು. ಇವು ನಿರುಪದ್ರವಿ. ಆದರೆ ಇದನ್ನೇ ಕೇಳಿಕೊಂಡಿದ್ದ ರೋಗಿಯು, ನಿಜವಾದ ಕಾಮಾಲೆಯಾಗಿ ಮೂತ್ರವು ಹಳದಿಗಪ್ಪಾದಾಗಲೂ ಗುಳಿಗೆಯ ಬಣ್ಣವೆಂದು ಸುಮ್ಮನಿರಬಹುದು. ಕಣ್ಣಿನ ಬಿಳಿಭಾಗವನ್ನು ನೋಡಿರಿ. ಅದು ಹಳದಿಯಾಗಿದ್ದರೆ, ಅನ್ನ ಸೇರದೆ ವಾಕರಿಕೆಯಿದ್ದರೆ, ಅದು ಗುಳಿಗೆಯ ಬಣ್ಣವಲ್ಲ. ಆ ದಿನವೇ ದವಾಖಾನೆಗೆ ಹೋಗತಕ್ಕದ್ದು. ಕುಷ್ಠದ ಔಷಧಗಳಲ್ಲಿ ಡ್ಯಾಪ್ಸೋನ್ ಸಹ ಕೆಲವರ ಯಕೃತ್ತನ್ನು ಕೆಡಿಸುವದುಂಟು. ಕಾರಣವು ಯಾವುದೆಂಬುದನ್ನು ಡಾಕ್ಟರರೇ ತೀರ್ಮಾನಿಸಬೇಕು.

ಕಾಮಾಲೆಯೆಂದೊಡನೆ ನಮ್ಮ ಕಡೆ ರಟ್ಟೆಗೆ ಬರೆ ಹಾಕಿಸುವರು. ಸುಟ್ಟ ಗಾಯವೊಂದು ಹೆಚ್ಚಾಗುವದೇ ಹೊರತು ಬೇರೆ ಲಾಭವಿಲ್ಲ. ನೆಲನೆಲ್ಲಿಯ ಮಾತು ಬೇರೆ. ಮದ್ರಾಸಿನ ತ್ಯಾಗರಾಜನ್ ಎಂಬವರೂ ಮೇಲೆ ಹೇಳಿದ ಬ್ಲಂಬರ್ಗರೂ ಕೂಡಿ ಅದರ ಪುಡಿಯನ್ನು ಹೆಪಟೈಟಿಸ್ ಬಿ ರೋಗಿಗಳಿಗೆ ಕೊಟ್ಟು 1988ರಲ್ಲಿ ಒಳ್ಳೆಯ ಫಲವನ್ನು ವರದಿ ಮಾಡಿದರು. ನಾವೂ ಓದಿ ಸಂತೋಷಪಟ್ಟೆವು. ಆದರೆ ಬೇರೆ ಕಡೆಗಳಲ್ಲಿ ಮಾಡಿದ ಪ್ರಯೋಗಗಳಲ್ಲಿ ಆ ಫಲವು ಮತ್ತೆ ದೊರೆಯಲಿಲ್ಲ. ಆದುದರಿಂದ ನೆಲನೆಲ್ಲಿಯನ್ನು ನಂಬಿ ದಿನ ಕಳೆಯಬಾರದು.

ನಿಜವಾದ ಉಪಾಯವು ಸುಲಭವಾದುದೇ. ಸ್ಟೆರಾಯ್ಡ್ ಆರಂಭಿಸುವ ಮುಂಚೆ ಎಚ್‌ಬಿಎಸ್‌ಎಜಿ ಎಂಬ ರಕ್ತಪರೀಕ್ಷೆಯನ್ನು ಮಾಡಿಸುವದು. ವೈರಸ್ಸು ಕಂಡರೆ ಟೆನೊಫೊವಿರ್‌ನಂಥ ಗುಳಿಗೆಯನ್ನು ಜೊತೆಯಲ್ಲಿ ಕೊಟ್ಟು ಅದನ್ನು ತಡೆದಿಡುವರು. ಸ್ಟೆರಾಯ್ಡ್ ಮುಗಿದ ಮೇಲೂ ಕೆಲವು ತಿಂಗಳು ಅದನ್ನು ಬಿಡಬಾರದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಪರೀಕ್ಷೆಯೂ ಔಷಧವೂ ಧರ್ಮಾರ್ಥವಾಗಿ ದೊರೆಯುವವು. ಪ್ರೆಡ್ನಿಸೊಲೋನ್ ಚೀಟಿಯನ್ನು ಹಿಡಿದುಕೊಂಡು ಬಂದ ನೆರೆಯವಳಿಗೆ, "ಅವ್ವಾ, ಕಾಮಾಲೆಯ ರಕ್ತಪರೀಕ್ಷೆ ಆಗಿದೆಯೇ ಎಂದು ಡಾಕ್ಟರರನ್ನು ಕೇಳು" ಎಂದು ಹೇಳಿ ಕಳಿಸಲು ಯಾವ ಪದವಿಯೂ ಬೇಕಾಗಿಲ್ಲ. ಅದರೊಡನೆ, ಗುಳಿಗೆಯನ್ನು ತಾನಾಗಿ ನಿಲ್ಲಿಸಬಾರದೆಂಬುದನ್ನೂ ಹೇಳಬೇಕು.

ಹುಣ್ಣಿಗೆ ಪಟ್ಟಿ ಕಟ್ಟುವವರು ಕೈಗವಸು ಹಾಕಿಕೊಳ್ಳಲಿ. ಅದು ತಿರಸ್ಕಾರವಲ್ಲವೆಂದು ರೋಗಿಗೆ ಬಿಡಿಸಿ ಹೇಳಲಿ. ಮನೆಯಲ್ಲಿ ಬ್ಲೇಡು, ಉಗುರುಗತ್ತರಿ, ಹಲ್ಲುಜ್ಜುವ ಬ್ರಶ್ಶು ಇವು ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿರಲಿ. ತಾಟು, ತಂಬಿಗೆ, ಹಾಸಿಗೆಗಳನ್ನು ಬೇರೆ ಮಾಡುವ ಕಾರಣವಿಲ್ಲ. ದೊಡ್ಡವರಿಗೆ ಮೊದಲನೆಯ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಹೀಗೆ ಮೂರು ಸಲ ಲಸಿಕೆಯನ್ನು ಕೊಡುವರು. ಬಸುರಿಯರ ರಕ್ತವನ್ನು ಪರೀಕ್ಷಿಸಬೇಕು. ಕೂಸು ಹುಟ್ಟಿದ 24 ತಾಸುಗಳೊಳಗೆ ಮೊದಲನೆಯ ಲಸಿಕೆಯಾಗಬೇಕು. ತವರಿನಲ್ಲಿ ಹೆರಿಗೆಯಾಗಿ, ಐದನೆಯ ದಿನ ಕಳೆದ ಮೇಲೆ ನೋಡಿದರಾಯಿತೆಂದು ಅಜ್ಜಿಯರು ಹೇಳಿದರೆ ಈ ಒಂದು ವಿಷಯದಲ್ಲಿ ಮಾತ್ರ ಅವರ ಮಾತನ್ನು ಮೀರಿ, ಆಶಾ ಕಾರ್ಯಕರ್ತೆಯನ್ನು ಅದೇ ದಿನ ಕರೆಯಿಸಿರಿ.