ಗಾಲಿ ದೊಡ್ಡದಾದರೆ ಗಾಡಿ ಎತ್ತರವಾದೀತೇ?

ಎಳ್ಳಮಾವಾಸ್ಯೆಯ ದಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಊರುಗಳು ಮಧ್ಯಾಹ್ನದ ಹೊತ್ತಿಗೆ ಬಹುಮಟ್ಟಿಗೆ ಖಾಲಿಯಾಗಿರುತ್ತವೆ. ಸಜ್ಜಿ ರೊಟ್ಟಿ, ಕಡುಬು, ಪುಂಡಿಪಲ್ಲೆ, ಭಜ್ಜಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹಬ್ಬವಿದು. ಹಿಂದೆ ಈ ಪಯಣಕ್ಕೆ ಚಕ್ಕಡಿಯೇ ವಾಹನ. ಈಗ ಟ್ರ್ಯಾಕ್ಟರ್, ಕ್ರೂಸರ್‌ಗಳ ಬೆನ್ನಿಗೆ ಕಾರುಗಳೂ ಹೊಲದ ದಾರಿ ಹಿಡಿಯುತ್ತವೆ. ಡಾಂಬರು ಬಿಟ್ಟು ನೂರು ಮಾರು ಹೋಗುವಷ್ಟರಲ್ಲಿ ಕಾರಿನ ಹೊಟ್ಟೆ ದಾರಿಯ ನಡುದಿಣ್ಣೆಗೆ ತಾಗಿ ಕರಕರ ಎನ್ನುತ್ತದೆ. ಹಬ್ಬ ಮುಗಿದ ಮೇಲೆ ಕಾರಿನ ಮಾಲೀಕ ಟೈರಿನ ಅಂಗಡಿಯ ಮುಂದೆ ನಿಂತು ಕೇಳುವ ಪ್ರಶ್ನೆ ಒಂದೇ: ದೊಡ್ಡ ಗಾಲಿ ಹಾಕಿಸಿದರೆ ಹೇಗೆ?

ಪ್ರಶ್ನೆ ಹೊಸದಲ್ಲ. ಈ ನೆಲದಲ್ಲಿ ಗಾಡಿ ಹೂಡಿದ ಪ್ರತಿಯೊಬ್ಬನೂ ಗಾಲಿಯ ಅಳತೆಯ ಬಗ್ಗೆ ಯೋಚಿಸಿಯೇ ಇದ್ದಾನೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಈ ನದಿಗಳ ಸೀಮೆಯ ಬಹುಭಾಗ ಎರೆ ಭೂಮಿ. ಎರೆಮಣ್ಣಿನಲ್ಲಿರುವ ಜೇಡಿಯ ಕಣಗಳು ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಮಳೆಗಾಲದಲ್ಲಿ ಕಾಲು ಕೀಳಲಾರದ ಕೆಸರು, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು. ಇಂಥ ನೆಲದ ಮೇಲೆ ಹಾಸಿದ ಡಾಂಬರು ಕೂಡ ಕೆಲವೇ ವರ್ಷಗಳಲ್ಲಿ ಅಲೆಯಲೆಯಾಗುವುದಕ್ಕೆ ಗುತ್ತಿಗೆದಾರರನ್ನಷ್ಟೇ ದೂರಿದರೆ ಸಾಲದು, ಕೆಳಗಿನ ಮಣ್ಣಿನ ಪಾಲೂ ಅದರಲ್ಲಿದೆ.

ಹಳೆಯ ಕಟ್ಟಿಗೆ ಗಾಲಿ ನಾಲ್ಕೈದು ಅಡಿ ಎತ್ತರವಿರುತ್ತಿದ್ದುದು ಅಂದಕ್ಕಲ್ಲ. ಸಣ್ಣ ಗಾಲಿ ಕುಳಿಯೊಳಗೆ ಇಳಿದುಬಿಡುತ್ತದೆ. ದೊಡ್ಡದು ಕುಳಿಯ ಎರಡೂ ದಂಡೆಗಳ ಮೇಲೆ ಕುಳಿತು ದಾಟುತ್ತದೆ. ಕಲ್ಲು ಎದುರಾದಾಗ ದೊಡ್ಡ ಗಾಲಿ ಅದನ್ನು ಮೆಲ್ಲಗೆ ಏರುತ್ತದೆ, ಎತ್ತಿನ ಹೆಗಲಿಗೆ ಬೀಳುವ ಜಗ್ಗು ಕಡಿಮೆಯಾಗುತ್ತದೆ. ಅಚ್ಚು ಎತ್ತರದಲ್ಲಿರುವುದರಿಂದ ದಿಣ್ಣೆಗೂ ತಾಗದು. ಬಡಿಗನು ಗುಂಬ, ಅರೆಕಾಲು, ಅಚ್ಚು, ಚಕ್ಕಡಿಯ ಅಗಲ ಇವೆಲ್ಲವನ್ನೂ ಒಟ್ಟಿಗೇ ಲೆಕ್ಕ ಹಾಕಿ ಗಾಲಿ ಕೂಡಿಸುತ್ತಿದ್ದ. ಗಾಲಿಯ ಸುತ್ತಳತೆಗಿಂತ ತುಸು ಕಿರಿದಾದ ಕಬ್ಬಿಣದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ, ನೀರು ಸುರಿದರೆ ಹಳಿ ಕುಗ್ಗಿ ಗಾಲಿಯನ್ನು ಬಿಗಿಹಿಡಿಯುತ್ತಿತ್ತು. ಒಂದೆರಡು ನೂಲು ಹೆಚ್ಚುಕಡಿಮೆಯಾದರೂ ಹಳಿ ಕಳಚುವುದು ಅಥವಾ ಗಾಲಿ ಸೀಳುವುದು ಖಚಿತ.

ಈ ಗಾಲಿಯ ದೋಷವೂ ಅದರ ಹಳಿಯಲ್ಲೇ ಇತ್ತು. ಅಗಲ ಕಡಿಮೆಯಾದ ಕಬ್ಬಿಣ ನೆಲವನ್ನು ಕೊಯ್ಯುತ್ತದೆ. 1845ರಲ್ಲಿ ರಾಬರ್ಟ್ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು ಗಾಳಿ ತುಂಬಿದ ಗಾಲಿಗೆ ಹಕ್ಕುಪತ್ರ ಪಡೆದ; ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲಿಗೆಂದು ಮಾಡಿದ್ದು ಜಗತ್ತನ್ನೇ ಹಿಡಿಯಿತು. ಭಾರತದಲ್ಲಿ ರಬ್ಬರ್ ಟೈರಿನ ಎತ್ತಿನ ಗಾಡಿಗೆ ದೇಶದ ಹಲವೆಡೆ ‘ಡನ್‌ಲಪ್ ಗಾಡಿ’ ಎಂದೇ ಹೆಸರು. ಟೈರಿನ ಗಾಡಿ ಹೆಚ್ಚು ಹೊರುತ್ತದೆ, ಕಡಿಮೆ ಹೂಳುತ್ತದೆ. ಆದರೆ ಜಾಲಿ ಮುಳ್ಳಿಗೆ ಅದು ಅಂಜುತ್ತದೆ, ಕಟ್ಟಿಗೆ ಗಾಲಿ ಅಂಜುತ್ತಿರಲಿಲ್ಲ. ಬೆಂಗಳೂರಿನ ಐಐಎಂ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ 1970ರ ದಶಕದ ಕೊನೆಯ ಹೊತ್ತಿಗೆ ಎತ್ತಿನ ಗಾಡಿಯ ಸುಧಾರಣೆಯನ್ನು ರಾಷ್ಟ್ರಮಟ್ಟದ ವಿಷಯವನ್ನಾಗಿ ಎತ್ತಿದವರು. ವ್ಯವಸ್ಥಾಪನ ಶಾಸ್ತ್ರದ ದೊಡ್ಡ ಸಂಸ್ಥೆಯೊಂದರ ಮುಖ್ಯಸ್ಥರು ಎತ್ತಿನ ಹೆಗಲ ಹುಣ್ಣಿನ ಬಗ್ಗೆ ಮಾತಾಡಿದ್ದು ಅನೇಕರಿಗೆ ಆಗ ವಿಚಿತ್ರವಾಗಿ ಕಂಡಿರಬೇಕು.

ಈಗ ಕಾರಿಗೆ ಬರೋಣ. ದಾರಿಯ ಜಾಡನ್ನು ಕೊರೆಯುವುದು ಅದರ ಮೇಲೆ ಓಡಾಡುವ ಅತಿ ದೊಡ್ಡ ಗಾಲಿ. ಹೊಲದ ದಾರಿಯಲ್ಲಿ ಇಂದು ಆ ಕೆಲಸ ಟ್ರ್ಯಾಕ್ಟರಿನದು. ಅದರ ಗಾಲಿಗಳು ತಗ್ಗು ಕೊರೆದಂತೆಲ್ಲ ನಡುವಿನ ದಿಣ್ಣೆ ಎತ್ತರವಾಗಿಯೇ ಉಳಿಯುತ್ತದೆ. ಹಳೆಯ ಅಂಬಾಸಿಡರ್ 15 ಇಂಚಿನ ರಿಮ್ಮಿನ ಮೇಲೆ, ಪ್ರೀಮಿಯರ್ ಪದ್ಮಿನಿ 14 ಇಂಚಿನ ರಿಮ್ಮಿನ ಮೇಲೆ ಓಡುತ್ತಿದ್ದವು. ಆ ಕಾಲದ ಟೈರುಗಳ ಮಗ್ಗುಲು ಅಗಲಕ್ಕೆ ಹತ್ತಿರ ಹತ್ತಿರ ಸಮನಾಗಿ ದಪ್ಪವಿರುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರದು 12 ಇಂಚಿನ ರಿಮ್. ಪೇಟೆಗೆ ಅನುಕೂಲ, ಹೊಲದ ದಾರಿಗೆ ಸಂಕಟ. ಅಂದಿನಿಂದ ಕಾರಿನ ರಿಮ್ ಮತ್ತೆ ಬೆಳೆಯುತ್ತಲೇ ಬಂದಿದೆ. ಆದರೆ ರಿಮ್ ಬೆಳೆಯುವುದು ಬೇರೆ, ಗಾಲಿ ಬೆಳೆಯುವುದು ಬೇರೆ. ಬಹುಪಾಲು ಜನ ಮೋಸಹೋಗುವುದು ಇಲ್ಲಿಯೇ.

ಟೈರಿನ ಮೇಲೆ 185/65 ಆರ್ 15 ಎಂದು ಬರೆದಿರುತ್ತದೆ. 185 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ. 65 ಎಂಬುದು ಅಳತೆಯಲ್ಲ, ಶೇಕಡಾ ಲೆಕ್ಕ: ಮಗ್ಗುಲಿನ ಎತ್ತರ ಅಗಲದ ಶೇ 65ರಷ್ಟು, ಅಂದರೆ ಸುಮಾರು 120 ಮಿ.ಮೀ. ‘ಆರ್’ ಎಂದರೆ ರೇಡಿಯಲ್. 15 ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಮೂರು ಅಂಕಿಗಳಿಗೆ ಎರಡು ಬೇರೆ ಮಾನ, ಒಂದು ಶೇಕಡಾ. ಇದನ್ನು ಗೊತ್ತುಮಾಡಿದವರಿಗೆ ಗಿರಾಕಿಯ ಮೇಲೆ ಏನು ಸಿಟ್ಟಿತ್ತೋ ತಿಳಿಯದು. ಗಾಲಿಯ ಒಟ್ಟು ಎತ್ತರ ಬೇಕಿದ್ದರೆ ರಿಮ್ಮನ್ನು 25.4ರಿಂದ ಗುಣಿಸಿ, ಅದಕ್ಕೆ ಮಗ್ಗುಲಿನ ಎರಡರಷ್ಟನ್ನು ಕೂಡಿಸಬೇಕು.

ನಮ್ಮ ಕಡೆ ಬೇಕಾದಷ್ಟು ಓಡಾಡುವ ಮಾರುತಿ ಸ್ವಿಫ್ಟ್ ಕಾರನ್ನೇ ತೆಗೆದುಕೊಳ್ಳಿ. ಅದರ ಕಡಿಮೆ ಬೆಲೆಯ ಮಾದರಿಗಳಿಗೆ 165/80 ಆರ್ 14, ಹೆಚ್ಚಿನ ಬೆಲೆಯವಕ್ಕೆ 185/65 ಆರ್ 15 ಟೈರು ಹಾಕಿ ಕೊಟ್ಟದ್ದುಂಟು. ಲೆಕ್ಕ ಮಾಡಿದರೆ ಮೊದಲನೆಯದರ ಒಟ್ಟು ಎತ್ತರ ಸುಮಾರು 620 ಮಿ.ಮೀ., ಎರಡನೆಯದರದು 621.5. ರಿಮ್ ಒಂದು ಇಂಚು ಬೆಳೆಯಿತು, ಗಾಲಿ ಬೆಳೆದದ್ದು ಬರೀ ಎರಡು ಮಿಲಿಮೀಟರು. ಹೊಳೆಯುವ ಅಲಾಯ್ ಬೇಕೆಂದು 195/55 ಆರ್ 16 ಹಾಕಿಸಿದರೂ ಲೆಕ್ಕ 621ರ ಹತ್ತಿರವೇ ನಿಲ್ಲುತ್ತದೆ. ಆದರೆ ಮಗ್ಗುಲು? 132 ಇದ್ದದ್ದು 120 ಆಗಿ, 107ಕ್ಕೆ ಇಳಿಯಿತು. ಕಲ್ಲಿನ ಏಟನ್ನು ನುಂಗುವುದು ರಬ್ಬರು ಮತ್ತು ಗಾಳಿಯೇ ಹೊರತು ರಿಮ್ಮಲ್ಲ. ಮಗ್ಗುಲು ತೆಳ್ಳಗಾದಷ್ಟೂ ಕುಳಿಯ ಅಂಚು ನೇರವಾಗಿ ರಿಮ್ಮಿಗೇ ಬಡಿಯುತ್ತದೆ. ರಿಮ್ ಸೊಟ್ಟಾಗುತ್ತದೆ, ಟೈರಿನ ಮಗ್ಗುಲಲ್ಲಿ ಬಾವು ಏಳುತ್ತದೆ. ಅಂಗಡಿಯವರು ಮಾರುವುದು ದೊಡ್ಡ ರಿಮ್ಮನ್ನು. ಈ ನಾಲ್ಕು ತಾಲ್ಲೂಕುಗಳ ದಾರಿಗೆ ಬೇಕಾದದ್ದು ದೊಡ್ಡ ಮಗ್ಗುಲು.

ಹಾಗಾದರೆ ಅದೇ 15 ಇಂಚಿನ ರಿಮ್ಮಿಗೆ 185/70 ಟೈರು ಹಾಕಿದರೆ? ಒಟ್ಟು ಎತ್ತರ 640 ಮಿ.ಮೀ. ಆಗುತ್ತದೆ, ಅಂದರೆ ಶೇ 3ರಷ್ಟು ಹೆಚ್ಚು. ಟೈರಿನ ಕಸುಬಿನಲ್ಲಿ ಸಾಮಾನ್ಯವಾಗಿ ಒಪ್ಪುವ ಮೇರೆಯೂ ಅಷ್ಟೇ. ಅದರಿಂದ ಕಾರು ಏಳುವುದು 18 ಮಿ.ಮೀ. ಅಲ್ಲ, ಒಂಬತ್ತೇ, ಗಾಲಿಯ ನಡುವಿನಿಂದ ನೆಲಕ್ಕಿರುವುದು ಅರ್ಧ ಎತ್ತರ ತಾನೇ! ಒಂಬತ್ತು ಮಿಲಿಮೀಟರು ಎಂದರೆ ಕಿರುಬೆರಳಿನ ದಪ್ಪಕ್ಕೂ ಕಡಿಮೆ. ಟ್ರ್ಯಾಕ್ಟರ್ ಬಿಟ್ಟ ದಿಣ್ಣೆಯನ್ನು ಇಷ್ಟರಿಂದ ಗೆಲ್ಲುವೆನೆಂಬುದು ಭ್ರಮೆ. ಆದರೆ ಮಗ್ಗುಲು ದಪ್ಪವಾದುದರ ಲಾಭ ಪ್ರತಿ ಕುಳಿಯಲ್ಲೂ ಸಿಗುತ್ತದೆ.

ಇಲ್ಲಿಗೆ ತಾಗುವ ಮಾತು ಬರುತ್ತದೆ. ಚಕ್ಕಡಿಯ ಗಾಲಿ ಬಯಲಲ್ಲಿ ತಿರುಗುತ್ತದೆ, ಕಾರಿನದು ಗೂಡಿನಲ್ಲಿ. ಆ ಗೂಡಿನ ಹೊರಗಡೆ ಮಡ್‌ಗಾರ್ಡಿನ ಅಂಚು, ಹಿಂದೆ ಮುಂದೆ ಪ್ಲಾಸ್ಟಿಕ್ ಹೊದಿಕೆ, ಒಳಗಡೆ ಶಾಕ್ ಅಬ್ಸಾರ್ಬರು ಮತ್ತು ಬ್ರೇಕಿನ ಪೈಪು. ಮುಂದಿನ ಗಾಲಿ ಮೇಲೆ ಕೆಳಗೆ ಆಡುವುದಲ್ಲದೆ ಎಡಕ್ಕೆ ಬಲಕ್ಕೂ ಹೊರಳುತ್ತದೆ. ನಿಂತ ಕಾರಿನಲ್ಲಿ ಕಾಣುವ ಸಂದು ನಂಬತಕ್ಕದ್ದಲ್ಲ. ಟೈರು ಹೊದಿಕೆಗೆ ಉಜ್ಜಿದರೆ ಸದ್ದು ಬಂದು ಗೊತ್ತಾಗುತ್ತದೆ. ಮಡ್‌ಗಾರ್ಡಿನ ತಗಡಿನ ಅಂಚಿಗೆ ಉಜ್ಜಿದರೆ ಮಗ್ಗುಲು ದಿನದಿನವೂ ಕೊಯ್ದುಕೊಳ್ಳುತ್ತ ಹೋಗಿ, ಒಂದು ದಿನ ಸೊಲ್ಲಾಪುರದ ಹೆದ್ದಾರಿಯಲ್ಲಿ ವೇಗದಲ್ಲಿರುವಾಗ ಒಡೆಯುತ್ತದೆ. ಬ್ರೇಕಿನ ಪೈಪಿಗೆ ಉಜ್ಜಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಎತ್ತರಕ್ಕಿಂತ ಹೆಚ್ಚು ತಾಪತ್ರಯ ಕೊಡುವುದು ಅಗಲ, ಅದರಲ್ಲೂ ‘ಆಫ್‌ಸೆಟ್’ ಎಂಬ ಅಳತೆ. ರಿಮ್ಮಿನ ಅಗಲದ ನಡುಗೆರೆಯಿಂದ, ರಿಮ್ ಹಬ್ಬಿಗೆ ಕೂರುವ ಮುಖದವರೆಗಿನ ದೂರ ಅದು. ರಿಮ್ಮಿನ ಮೇಲೆ ‘ಇಟಿ 45’ ಎಂದು ಕೆತ್ತಿದ್ದರೆ 45 ಮಿ.ಮೀ. ಎಂದರ್ಥ. ಈ ಅಂಕಿ ಕಡಿಮೆಯಾದಂತೆ ಗಾಲಿ ಹೊರಕ್ಕೆ ಸರಿಯುತ್ತದೆ, ಹೆಚ್ಚಾದಂತೆ ಒಳಕ್ಕೆ. 6 ಇಂಚು ಅಗಲದ, ಇಟಿ 45ರ ರಿಮ್ ತೆಗೆದು 7 ಇಂಚು ಅಗಲದ, ಇಟಿ 35ರ ರಿಮ್ ಹಾಕಿದಿರಿ ಎನ್ನಿ. ಹೆಚ್ಚಿದ ಒಂದು ಇಂಚಿನಲ್ಲಿ ಆಚೆಗೆ 12.7, ಈಚೆಗೆ 12.7 ಮಿ.ಮೀ. ಹಂಚಿಹೋಗುತ್ತದೆ. ಆಫ್‌ಸೆಟ್ ಹತ್ತು ತಗ್ಗಿದ್ದರಿಂದ ಇಡೀ ಗಾಲಿ ಹತ್ತು ಮಿ.ಮೀ. ಹೊರಕ್ಕೆ. ಹೊರ ಅಂಚು ಒಟ್ಟು 22.7 ಮಿ.ಮೀ. ಮುಂದಕ್ಕೆ ಬಂತು, ಒಳ ಅಂಚು 2.7 ಮಾತ್ರ ಒಳಸರಿಯಿತು. ಈ ಸಣ್ಣ ಲೆಕ್ಕವನ್ನು ಅಂಗಡಿಯಲ್ಲಿ ನಿಂತು ಚೀಟಿಯ ಹಿಂದೆ ಮಾಡಿಬಿಟ್ಟರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ. ಬೋಲ್ಟುಗಳ ಸಂಖ್ಯೆ, ಅವುಗಳ ವೃತ್ತದ ಅಳತೆ, ನಡುವಿನ ರಂಧ್ರ ಹೊಂದಬೇಕೆಂಬುದನ್ನು ಮಿಸ್ತ್ರಿಗಳೇ ನೋಡುತ್ತಾರೆ. ಆಫ್‌ಸೆಟ್ ಅನ್ನು ಎಲ್ಲರೂ ನೋಡುವುದಿಲ್ಲ.

ಟೈರು ಹೊರುವ ಭಾರವೂ ನೆನಪಿರಲಿ. ಅಳತೆಯ ಮುಂದೆ 88 ಎಂದಿದ್ದರೆ ಒಂದು ಟೈರು 560 ಕಿಲೋ ಹೊರುತ್ತದೆ, 87 ಎಂದಿದ್ದರೆ 545. ಕಂಪನಿ ಕೊಟ್ಟದ್ದಕ್ಕಿಂತ ಈ ಅಂಕಿ ಇಳಿಯಬಾರದು.

ನಮ್ಮ ಸೀಮೆಗೆ ಇನ್ನೊಂದು ಲೆಕ್ಕ ಸೇರಿಸಲೇಬೇಕು. ಬೇರೆ ಊರಿನ ಟೈರಿನ ಪಟ್ಟಿಗಳಲ್ಲಿ ಅದು ಸಿಗುವುದಿಲ್ಲ. ಮಳೆಗಾಲದ ಎರೆಮಣ್ಣು ಗಾಲಿಗೆ ಅಂಟಿ, ಸುತ್ತಿ, ಗೂಡಿನೊಳಗೆ ಮೆತ್ತಿಕೊಳ್ಳುತ್ತದೆ. ಡೋಣಿ ಬಯಲಿನಲ್ಲಿ ಸೈಕಲ್ ಹೊತ್ತುಕೊಂಡು ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಡ್‌ಗಾರ್ಡಿನಲ್ಲಿ ಮಣ್ಣು ತುಂಬಿ ಗಾಲಿ ತಿರುಗದಾದಾಗ ಸೈಕಲ್ಲೇ ಹೆಗಲೇರುತ್ತಿತ್ತು. ಕಾರಿನ ಗೂಡಿನಲ್ಲೂ ಆಗುವುದು ಅದೇ. ಬೇಸಿಗೆಯಲ್ಲಿ ತಾಗದ ಟೈರು ಶ್ರಾವಣದಲ್ಲಿ ಮಣ್ಣಿಗೆ ತಾಗುತ್ತದೆ. ಆ ಮಣ್ಣು ಒಣಗಿದರೆ ಕಲ್ಲಿನಂತೆ ಗಟ್ಟಿ. ಕಂಪನಿ ಬಿಟ್ಟ ಸಂದನ್ನು ಪೂರ್ತಿ ತಿಂದುಹಾಕುವ ಗಾಲಿ ಇಲ್ಲಿ ಬೇಡವೆನ್ನುವುದಕ್ಕೆ ಇಷ್ಟು ಸಾಕು.

ಕೊಳ್ಳುವ ಮೊದಲು ಮುಂದೊಂದು, ಹಿಂದೊಂದು ಗಾಲಿ ಮಾತ್ರ ತೊಡಿಸಿ ನೋಡಲು ಅಂಗಡಿಯವರನ್ನು ಒಪ್ಪಿಸಿ. ಟೈರಿನ ಹೆಗಲಿಗೆ ಸೀಮೆಸುಣ್ಣ ಬಳಿಯಿರಿ. ಐದು ಜನರನ್ನು ಕೂರಿಸಿ, ಡಿಕ್ಕಿಯಲ್ಲಿ ಜೋಳದ ಚೀಲ ಹಾಕಿ. ಮನೆಮಂದಿಯೆಲ್ಲ ಜಾತ್ರೆಗೆ ಹೊರಟಾಗ ಕಾರು ಹೊರುವ ಭಾರ ಅದೇ ತಾನೆ? ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಮೆಲ್ಲಗೆ ಒಂದು ಗಾಲಿಯನ್ನು ದಪ್ಪ ಕಲ್ಲಿನ ಮೇಲೆ ಹತ್ತಿಸಿ. ಪೂರ್ತಿ ಬಲಕ್ಕೆ ತಿರುಗಿಸಿ ಮತ್ತೊಮ್ಮೆ. ಹಂಪ್ಸ್ ಮೇಲೂ ದಾಟಿಸಿ. ಆಮೇಲೆ ಬಗ್ಗಿ ನೋಡಿದರೆ ಗೂಡಿನಲ್ಲಿ ಎಲ್ಲೆಲ್ಲಿ ಸುಣ್ಣ ಹತ್ತಿದೆಯೋ ಅಲ್ಲಲ್ಲಿ ಟೈರು ಉಜ್ಜಿದೆ. ಮಡ್‌ಗಾರ್ಡಿನ ಅಂಚನ್ನು ಬಡಿದು ಮಡಚಿ ಕೊಡುತ್ತೇವೆ, ಸ್ಪ್ರಿಂಗಿನ ನಡುವೆ ರಬ್ಬರ್ ಬಫರ್ ಕೂರಿಸುತ್ತೇವೆ ಎಂಬ ಉಪಾಯಗಳು ಗ್ಯಾರೇಜಿನಲ್ಲಿ ಧಾರಾಳವಾಗಿ ಸಿಗುತ್ತವೆ. ಅಷ್ಟೆಲ್ಲ ಮಾಡಬೇಕಾದ ಗಾಲಿ ಆ ಕಾರಿನದಲ್ಲ ಎಂದೇ ತಿಳಿಯುವುದು ಲೇಸು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು, ತಯಾರಕರು ಮೂಲದಲ್ಲಿ ಗೊತ್ತುಮಾಡಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ಕಾರಿನ ಮೇಲಿನ ಮಾದರಿಗೆ ಕಂಪನಿಯೇ ಕೊಟ್ಟ ಅಳತೆಯನ್ನು ಆರಿಸಿಕೊಂಡರೆ ತಕರಾರಿಗೆ ಆಸ್ಪದ ಕಡಿಮೆ. ಮಡ್‌ಗಾರ್ಡಿನಿಂದ ಹೊರಚಾಚಿದ ಗಾಲಿ ಹಾಕಿಕೊಂಡು ಅಪಘಾತವಾದರೆ ವಿಮಾ ಕಂಪನಿಯ ಮೊದಲ ಪ್ರಶ್ನೆ ಆ ಗಾಲಿಯ ಬಗ್ಗೆಯೇ ಆದೀತು.

ಶೇ 3ರಷ್ಟು ದೊಡ್ಡ ಗಾಲಿಯಲ್ಲಿ ಮೀಟರು 100 ತೋರಿಸುವಾಗ ಕಾರು ಓಡುತ್ತಿರುವುದು 103ರ ಲೆಕ್ಕದಲ್ಲಿ. ಓಡಿದ ಕಿಲೋಮೀಟರೂ ಕಡಿಮೆಯಾಗಿಯೇ ಕಾಣುತ್ತದೆ, ಮೈಲೇಜು ಬಿತ್ತೆಂದು ಪಂಪಿನವರೊಡನೆ ಜಗಳಕ್ಕೆ ನಿಲ್ಲುವ ಮುನ್ನ ಇದನ್ನು ಕಳೆದು ನೋಡಬೇಕು. ಇನ್ನು ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿ. ನಾಲ್ಕು ಗಾಲಿ ಬದಲಿಸಿ ಐದನೆಯದನ್ನು ಹಾಗೆಯೇ ಬಿಟ್ಟವರು ಬಹಳ. ಜಾಲಿ ಮುಳ್ಳು ಚುಚ್ಚಿದ ಮೇಲೆ ಒಂದು ಬದಿಗೆ ಹೊಸ ಅಳತೆ, ಇನ್ನೊಂದು ಬದಿಗೆ ಹಳೆಯ ಅಳತೆ ಹಾಕಿಕೊಂಡು ಹೊರಟರೆ ಸ್ಟೇರಿಂಗ್ ಒಂದೇ ಕಡೆಗೆ ಎಳೆಯುತ್ತದೆ. ಅಂಥ ಹೊತ್ತಿನಲ್ಲಿ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಮಾತ್ರ, ಅದೂ ನಿಧಾನವಾಗಿ.